ಏಳನೇ ಮಹಡಿಯ ಗಿಳಿಯೂ ಲಿಫ್ಟ್ ಮೆಕ್ಯಾನಿಕ್ಕೂ

ಲಿಫ್ಟ್ ರಿಪೇರಿ ಮಾಡುವವನನ್ನು ಕಂಡರೆ ಯಾರ ಮುಖವೂ ಅರಳುವುದಿಲ್ಲ. ಅವನು ಬರುವ ಹೊತ್ತಿಗೆ ಜನ ಒಂದೋ ಅರ್ಧ ಗಂಟೆ ಕಾದು ಸುಸ್ತಾಗಿರುತ್ತಾರೆ, ಇಲ್ಲವೇ ತರಕಾರಿ ಚೀಲ ಹೊತ್ತು ಆರು ಮಹಡಿ ಹತ್ತಿರುತ್ತಾರೆ. "ಈಗ ಬಂದ್ರಾ?" ಎನ್ನುವುದೇ ಅವನಿಗೆ ಸಿಗುವ ಸ್ವಾಗತ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಕೇಳಿಸಿಕೊಂಡಿದ್ದ ಈ ಮೆಕ್ಯಾನಿಕ್ಕನಿಗೆ ಜೊತೆಗಾರರು 'ಮೇಲ್ಕೆಳಗು' ಎಂದು ಅಡ್ಡಹೆಸರಿಟ್ಟಿದ್ದರು. ಕೆಲಸ ಹಾಗಿತ್ತು. ಸ್ವಭಾವವೂ ಹಾಗೇ ಎಂದು ಹೆಂಡತಿ ಸೇರಿಸುತ್ತಿದ್ದಳು: ಒಂದು ಗಳಿಗೆ ಮುಗಿಲಲ್ಲಿ, ಮರುಗಳಿಗೆ ನೆಲಮಾಳಿಗೆಯಲ್ಲಿ.

ಒಂದು ಸಂಜೆ ಏಳನೇ ಮಹಡಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿದ್ದ ಲಿಫ್ಟಿನ ಬಾಗಿಲನ್ನು ಅವನು ಬಿಡಿಸುತ್ತಿದ್ದಾಗ ಎದುರು ಮನೆಯೊಳಗಿನಿಂದ ದನಿ ಬಂತು:

"ಬಂದ್ಯಾ? ಬಾ ಬಾ, ಕೂತ್ಕೋ."

ಸ್ಪ್ಯಾನರ್ ಹಿಡಿದ ಕೈ ಹಾಗೇ ನಿಂತಿತು. ತೆರೆದ ಬಾಗಿಲಲ್ಲಿ ಇಣುಕಿದರೆ ಕುರ್ಚಿಯ ಬೆನ್ನಿನ ಮೇಲೆ ಒಂದು ಮಕಾವ್ ಗಿಳಿ. ಬೆನ್ನು ನೀಲಿ, ಎದೆ ಹಳದಿ, ಬಾಲವೂ ಸೇರಿದರೆ ಒಂದು ತೋಳಿನಷ್ಟು ಉದ್ದ. ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದವರು ನಿವೃತ್ತರಾದ ಗಣಿತದ ಟೀಚರ್. ಅವರು ಇನ್ನೆರಡು ತಿಂಗಳಲ್ಲಿ ಅಕ್ಕನ ಮನೆಗೆ ಹೋಗಿ ನೆಲೆಸುವವರಿದ್ದರು. ಅಕ್ಕನಿಗೆ ಉಬ್ಬಸ. ಗರಿಯ ಧೂಳು ಮೂಗಿಗೆ ಹೋದರೆ ಉಸಿರೇ ಕಟ್ಟುತ್ತದೆ.

"ಯಾರಾದ್ರೂ ಒಳ್ಳೆಯವರಿದ್ರೆ ಹೇಳಿಪ್ಪ, ಇವನನ್ನ ಒಪ್ಪಿಸಿ ಹೋಗ್ಬೇಕು" ಎಂದರು ಟೀಚರ್.

'ಒಳ್ಳೆಯವರು' ಎಂದ ಕೂಡಲೇ ಮೇಲ್ಕೆಳಗಿಗೆ ನೆನಪಾದದ್ದು ತನ್ನದೇ ಮುಖ.

"ಹಕ್ಕಿ ಸಾಕಿ ಅಭ್ಯಾಸ ಇದ್ಯಾ?"

"ಇಲ್ಲ ಟೀಚರ್. ಆದ್ರೆ ಹದಿನೈದು ಜನ ತುಂಬಿರೋ ಲಿಫ್ಟನ್ನೇ ಸಂಭಾಳಿಸ್ತೀನಿ. ಒಂದು ಗಿಳಿ ಏನ್ ಮಹಾ?"

ಮುಂದೆ ಈ ಕಥೆಯನ್ನು ಯಾರಿಗೆ ಹೇಳುವಾಗಲೂ ಅವನು ಇಲ್ಲಿಗೆ ಬಂದು ನಿಲ್ಲಿಸಿ, ತನ್ನ ಕೆನ್ನೆಗೆ ತಾನೇ ಮೆಲ್ಲಗೆ ಎರಡು ತಟ್ಟಿಕೊಳ್ಳುತ್ತಿದ್ದ.

ಟೀಚರ್ ನಗಲಿಲ್ಲ. "ಹತ್ತು ಸಂಜೆ ಬಂದು ಇವನ ಜೊತೆ ಕೂತ್ಕೊಳ್ಳಿ. ಆಮೇಲೆ ಮೂರು ದಿನ ನಿಮ್ಮನೇಲಿ ಇಟ್ಕೊಳ್ಳಿ. ಆಮೇಲೆ ಆಗುತ್ತೋ ಇಲ್ವೋ ಹೇಳಿ" ಎಂದರು.

ಹೆಂಡತಿ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ವಿಷಯ ಕೇಳಿ ಅವಳು ಕತ್ತರಿ ಕೆಳಗಿಟ್ಟಳು.

"ರೀ, ಈ ಮನೇಲಿ ಒಬ್ಬರು ಮಾತಾಡೋದೇ ಹೆಚ್ಚಾಗಿದೆ. ಇನ್ನೊಬ್ಬರು ಬೇಕಾ?"

"ನೀನು ಒಂದ್ಸಲ ನೋಡು ಕಣೇ. ನನ್ನ ನೋಡಿದ್ದೇ ತಡ, ಬಾ ಕೂತ್ಕೋ ಅಂತು. ಗುರುತು ಪರಿಚಯ ಇಲ್ಲದೇನೆ!"

ಮೊದಲ ಸಂಜೆ ಅವನು ಲಿಫ್ಟಿನ ಗುಂಡಿ ಒತ್ತುವಷ್ಟೇ ಧೈರ್ಯವಾಗಿ ಗಿಳಿಯ ಮುಂದೆ ತೋರುಬೆರಳು ಚಾಚಿದ. ಗಟ್ಟಿ ಕಾಯಿಯನ್ನು ಕಡಲೆಯಂತೆ ಒಡೆಯುವ ಕೊಕ್ಕು ಅದು. ಬೆರಳನ್ನು ತಿನ್ನಲಿಲ್ಲ, ಬುದ್ಧಿ ಹೇಳಿ ಬಿಟ್ಟಿತು. ಟೀಚರ್ ಹತ್ತಿ ಸುತ್ತುತ್ತ ಕೇಳಿದರು, "ಕುತ್ತಿಗೆ ಗರಿ ನಿಮಿರಿದ್ದು ಕಾಣ್ಲಿಲ್ವಾ? ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗ್ತಿತ್ತಲ್ಲ?" ಅವನಿಗೆ ಕಂಡಿರಲಿಲ್ಲ. ಎಂಟು ಮಹಡಿ ಮೇಲಿನ ಬೇರಿಂಗ್ ಸವೆದಿರುವುದನ್ನು ಕೆಳಗೆ ನಿಂತೇ ಕಿವಿಯಲ್ಲಿ ಕಂಡುಹಿಡಿಯುತ್ತೇನೆಂದು ಬೀಗುತ್ತಿದ್ದವನಿಗೆ ಮೂಗಿನ ಮುಂದಿನ ಎರಡು ಕಣ್ಣು ಕಂಡಿರಲಿಲ್ಲ.

ಮೂರನೇ ಸಂಜೆ ಅದಕ್ಕಿಂತ ದೊಡ್ಡ ಏಟು ಬಿತ್ತು. ಮೀಟರ್ ಓದುವವನು ಬಾಗಿಲಿಗೆ ಬಂದಾಗ ಗಿಳಿ ಅಷ್ಟೇ ಅಕ್ಕರೆಯಿಂದ, "ಬಂದ್ಯಾ? ಬಾ ಬಾ, ಕೂತ್ಕೋ" ಎಂದಿತು. ಮೇಲ್ಕೆಳಗು ಆ ಮನುಷ್ಯನನ್ನು ಸವತಿಯನ್ನು ನೋಡುವಂತೆ ನೋಡಿದ.

"ಎಲ್ಲರಿಗೂ ಹೀಗೇ ಅನ್ನುತ್ತಾ ಟೀಚರ್?"

"ಬಾಗಿಲು ಸದ್ದಾದ್ರೆ ಸಾಕು. ಗಾಳಿಗೂ ಅನ್ನುತ್ತೆ."

ಆರನೇ ಸಂಜೆ ಅವನು ಅದರ ಆಯಸ್ಸು ಕೇಳಿದ. ಈಗ ಹತ್ತೊಂಬತ್ತು, ಚೆನ್ನಾಗಿ ನೋಡಿಕೊಂಡರೆ ಐವತ್ತು ಅರವತ್ತು ದಾಟಬಹುದು ಎಂದರು ಟೀಚರ್. ಅವನಿಗೆ ಆಗಲೇ ಐವತ್ತಮೂರು. ಮರುದಿನ ಮೆಷಿನ್ ರೂಮಿನಲ್ಲಿ ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಎಣ್ಣೆ ಹಚ್ಚುತ್ತ ಕೂಡಿ ನೋಡಿದ. ತೊಂಬತ್ತರ ಮುದುಕ ಕೋಲೂರಿಕೊಂಡು, ಐವತ್ತಾರರ ಗಿಳಿಯ ಹಿಕ್ಕೆ ಬಳಿಯುವ ಚಿತ್ರ ಕಣ್ಣಿಗೆ ಕಟ್ಟಿತು. ಮನೆಯಲ್ಲಿ ಹೇಳಿದರೆ ಹೆಂಡತಿ, "ಉಯಿಲು ಬರೆದಿಡಿ. ಗಂಡನ ಮನೇಲಿರೋ ಮಗಳಿಗೆ ಒಡವೆ ಇಲ್ಲ, ಗಿಳಿ ಇದೆ ಅಂತ" ಎಂದಳು.

ಇಷ್ಟಾದರೂ ಅವನು ಹಿಂದೆ ಸರಿಯಲಿಲ್ಲ. ಹತ್ತನೇ ಸಂಜೆ ಗಿಳಿ ಅವನ ಕೈಯಿಂದ ಒಂದು ಕ್ಯಾರೆಟ್ ತುಂಡು ತೆಗೆದುಕೊಂಡಿತು, ಬೆರಳನ್ನು ಬೆರಳಾಗಿಯೇ ಉಳಿಸಿತು. ಅಷ್ಟಕ್ಕೇ ಅವನ ಮನಸ್ಸಿನ ಲಿಫ್ಟ್ ತಾರಸಿಗೆ ಹೋಯಿತು. ಎರಡು ದಿನ ರಜೆ ಹಾಕಿ, ಪಂಜರವನ್ನು ಕಂಪನಿಯ ವ್ಯಾನಿನಲ್ಲಿ ಮನೆಗೆ ತಂದ.

ತಂದ ಮರುದಿನ ಬೆಳಗಿನ ಜಾವ ಗಿಳಿ ಕಿರುಚಿದ ಕಿರುಚಿಗೆ ಕೆಳಮನೆಯ ಯಜಮಾನರು ಬನಿಯನ್ನಿನಲ್ಲೇ ಮೇಲೆ ಓಡಿ ಬಂದರು, ಯಾರಿಗೋ ಏನೋ ಆಯಿತೆಂದು. ನಾನ್‌ಸ್ಟಿಕ್ ಬಾಣಲೆ ವಿಪರೀತ ಕಾದರೆ ಬರುವ ಹೊಗೆ ಹಕ್ಕಿಗೆ ವಿಷವೆಂದು ಟೀಚರ್ ಎಚ್ಚರಿಸಿದ್ದರು. ಹಾಗಾಗಿ ಹೆಂಡತಿಯ ಹೊಸ ಬಾಣಲೆ ಅಟ್ಟ ಸೇರಿತು, ಅದರ ಜೊತೆ ಅವಳ ಮಾತೂ. ಪಂಜರದ ಬಾಗಿಲಿಗೆ ಅವನು ಹೆಮ್ಮೆಯಿಂದ ಹಾಕಿದ್ದ ಬೋಲ್ಟನ್ನು ಗಿಳಿ ನಾಲಿಗೆಯಲ್ಲಿ ತಿರುಗಿಸಿ, ನಟ್ಟನ್ನು ಕೆಳಗೆ ಬೀಳಿಸಿ ಹೊರಗೆ ಬಂತು. ಡಬಲ್ ನಟ್ಟು ಹಾಕಿದ. ಅದನ್ನು ಬಿಚ್ಚಲು ಗಿಳಿಗೆ ಹದಿನೈದು ನಿಮಿಷ ಹಿಡಿಯಿತು. ರೇಡಿಯೋದ ಗುಂಡಿಗಳು ಹೋದವು, ಕುರ್ಚಿಯ ಕೈ ಹೋಯಿತು.

"ನಿಮ್ಮ ಕಂಪನಿಗೆ ಸೇರಿಸಿ. ನಿಮಗಿಂತ ಚುರುಕಾಗಿದೆ" ಎಂದಳು ಹೆಂಡತಿ. ಎರಡು ದಿನದಲ್ಲಿ ಅವಳು ಆಡಿದ ಮೊದಲ ಮಾತದು.

ಮೂರನೇ ದಿನ ಆಸ್ಪತ್ರೆಯೊಂದರ ಲಿಫ್ಟ್ ನಿಂತು, ರಜೆ ಮುಗಿದವನಿಗೆ ಕರೆ ಬಂತು. ಹೆಂಡತಿಗೆ ಕಾರ್ಖಾನೆ. ಕಾಳು, ಹಣ್ಣು, ನೀರು ಎಲ್ಲ ಇಟ್ಟು ಬೆಳಿಗ್ಗೆ ಏಳಕ್ಕೆ ಹೊರಟವನು ಮರಳಿದ್ದು ಸಂಜೆ ಆರಕ್ಕೆ. ಬಾಗಿಲು ತೆರೆದ. ಒಳಗಿನಿಂದ ಒಂದು ಮಾತೂ ಬರಲಿಲ್ಲ. ಪಂಜರದ ತಳದಲ್ಲಿ ಸಣ್ಣ ಸಣ್ಣ ಹಳದಿ ಗರಿಗಳು. ಗಿಳಿ ತನ್ನ ಎದೆಯನ್ನು ತಾನೇ ಕಿತ್ತುಕೊಂಡಿತ್ತು. ಅಂಗೈಯಗಲ ಬೋಳಾದ ಜಾಗದಲ್ಲಿ ಚರ್ಮ ಕೆಂಪಾಗಿತ್ತು. ಅವನ ಕಡೆ ತಿರುಗಲೂ ಇಲ್ಲ.

ಅವನು ಟೂಲ್ ಬ್ಯಾಗ್ ಹೆಗಲಿನಿಂದ ಇಳಿಸದೆಯೇ ನೆಲದ ಮೇಲೆ ಕೂತ. ಮೂರು ದಿನದಲ್ಲಿ ತಾನು ಅದರ ಜೊತೆ ನಿಜವಾಗಿ ಎಷ್ಟು ಹೊತ್ತು ಕಳೆದೆ ಎಂದು ಯೋಚಿಸಿದ. ಬೋಲ್ಟು ಬಿಗಿದದ್ದು ಬಿಟ್ಟರೆ ಉಳಿದದ್ದು ಬಹಳ ಕಡಿಮೆ, ಅದರಲ್ಲೂ ಮಾತಾಡಿದವನು ತಾನೇ. ಹೆಂಡತಿ ಬಂದು ನೋಡಿದಳು. ತಮಾಷೆ ಮಾಡಲಿಲ್ಲ. ಒಂದೊಂದೇ ಗರಿ ಹೆಕ್ಕಿ ಕಾಗದದಲ್ಲಿ ಇಟ್ಟಳು.

ಆ ಸಂಜೆಯೇ ಗಂಡಹೆಂಡತಿ ಟೀಚರ್ ಜೊತೆ ಹಕ್ಕಿಯನ್ನು ಪಶುವೈದ್ಯರಿಗೆ ತೋರಿಸಿದರು. ಗಾಯಕ್ಕೆ ಔಷಧಿ ಹಚ್ಚಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಮೂರ್ನಾಲ್ಕು ಗಂಟೆ ಇದರ ಜೊತೆ ಇರೋಕಾಗುತ್ತಾ?"

ಹೊರಗೆ ಬಂದು ಮೇಲ್ಕೆಳಗು ಟೀಚರ್ ಮುಂದೆ ತಲೆತಗ್ಗಿಸಿದ. "ನನ್ನ ಕೈಲಿ ಆಗಲ್ಲ ಟೀಚರ್. ನನ್ನನ್ನ ಯಾರಾದ್ರೂ ಮಾತಾಡಿಸ್ಲಿ ಅನ್ನೋದು ನನಗೆ ಬೇಕಾಗಿತ್ತು. ಅದಕ್ಕೇನು ಬೇಕು ಅಂತ ಕೇಳ್ಲೇ ಇಲ್ಲ."

ಟೀಚರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನಿಮಗಿಂತ ಮುಂಚೆ ಮೂರು ಜನ ಬಂದಿದ್ರು. ಆಗಲ್ಲ ಅಂತ ಒಬ್ರೂ ಹೇಳ್ಲಿಲ್ಲ. ಈಗ ನಿಮಗಾದ್ರೆ ಕೊಡೋಣ ಅನ್ನಿಸ್ತಿದೆ" ಎಂದರು.

ಅವನೊಳಗಿನ ಲಿಫ್ಟ್ ಗಡಗಡನೆ ಮೇಲಕ್ಕೆ ಹೊರಟಿತು. 'ಕೊಡಿ' ಎನ್ನುವ ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಹೆಂಡತಿ ಅವನನ್ನೇ ನೋಡಿದಳು. ಅವನು ತುಟಿ ಕಚ್ಚಿ, ಬೇಡವೆಂದು ತಲೆಯಲ್ಲಾಡಿಸಿದ. ಜೀವನದಲ್ಲಿ ತಾನು ಬಾಯಿ ಮುಚ್ಚಿಕೊಂಡು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದು ಈಗಲೂ ಹೇಳುತ್ತಾನೆ.

ಗಿಳಿ ಟೀಚರ್ ಮನೆಗೇ ಮರಳಿತು. ಎಲ್ಲರೂ ಸೇರಿ ಒಂದೂವರೆ ತಿಂಗಳು ಹುಡುಕಿದ ಮೇಲೆ, ಮನೆಯಲ್ಲೇ ಬೆತ್ತದ ಕುರ್ಚಿ ಹೆಣೆಯುವ ದಂಪತಿ ಸಿಕ್ಕಿದರು. ಗಂಡಹೆಂಡತಿ ಇಬ್ಬರೂ ದಿನವಿಡೀ ಮನೆಯಲ್ಲೇ. ಮೊದಲೊಂದು ಗಿಳಿ ಸಾಕಿ ಮುಪ್ಪಿನವರೆಗೆ ನೋಡಿಕೊಂಡವರು. ಕಡಿಯಲು ಬೆತ್ತದ ಚೂರುಗಳಿಗೂ ಬರವಿಲ್ಲ. ಅವರ ಹಜಾರದ ಅರ್ಧಕ್ಕೆ ಮೇಲ್ಕೆಳಗು ದಪ್ಪ ಜಾಲರಿಯ ಪಂಜರ ಕಟ್ಟಿಕೊಟ್ಟ. ಎದೆಯ ಮೇಲೆ ಗರಿ ಮತ್ತೆ ಮೂಡಲು ಅರ್ಧ ವರ್ಷವೇ ಬೇಕಾಯಿತು.

ಭಾನುವಾರಗಳಲ್ಲಿ ಮೇಲ್ಕೆಳಗೂ ಅವನ ಹೆಂಡತಿಯೂ ಅಲ್ಲಿಗೆ ಹೋಗುತ್ತಾರೆ. ಗಿಳಿ ಮೆಕ್ಯಾನಿಕ್ಕನ ಕಡೆ ಒಮ್ಮೆ ಓರೆಗಣ್ಣು ಹಾಯಿಸಿ, ಸೀದಾ ನಡೆದು ಹೋಗಿ ಹತ್ತುವುದು ಅವನ ಹೆಂಡತಿಯ ತೋಳನ್ನು. ಅವಳ ಕಿವಿಯ ಹಿಂದಿನ ಕೂದಲನ್ನು ಒಂದೊಂದಾಗಿ ಬಾಚುತ್ತದೆ. ಅವಳು ಕತ್ತು ವಾಲಿಸಿಕೊಂಡು ಅಲುಗಾಡದೆ ಕೂರುತ್ತಾಳೆ.

"ರೀ, ಇನ್ನೊಂದು ಅಕ್ರೋಟ್ ಕೊಡಿ" ಎಂದು ಕೈ ಚಾಚುತ್ತಾಳೆ. ಅವನು ಪೊಟ್ಟಣ ಬಿಚ್ಚಿ ಕೊಡುತ್ತಾನೆ.