ಮಗಳ ಹೊಟ್ಟೆನೋವು, ಅವ್ವನ ಮೌನವ್ರತ

ನನ್ನ ಮಗಳು ಯುಕೆಜಿಗೆ ಸೇರಿದ ವರ್ಷ ನಮ್ಮ ಮನೆಯಲ್ಲಿ ದಿನ ಶುರುವಾಗುತ್ತಿದ್ದುದು ನಮ್ಮವ್ವನ ಒಂದು ಪ್ರಶ್ನೆಯಿಂದ. ಹಿತ್ತಲ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ಗಟ್ಟಿಯಾಗಿ ಕೇಳುತ್ತಿದ್ದಳು: "ಓದ್ಯಾ?"

ಬೇಗೂರಿನ ನಮ್ಮ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಅವ್ವ ಕೇಳುತ್ತಿದ್ದುದು ಕಕ್ಕಸಿಗೆ ಹೋದೆಯಾ ಎಂದು. ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಉಡುಪಿ ಕಡೆಯ ಬ್ಯಾಂಕ್ ನೌಕರರು ಅದನ್ನು ಬೇರೆಯಾಗಿಯೇ ಕೇಳಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, "ನಿಮ್ಮ ತಾಯಿಗೆ ಮಗುವಿನ ಓದಿನ ಮೇಲೆ ಎಷ್ಟು ಕಾಳಜಿ ಮಾರಾಯ್ರೆ!" ಎಂದರು. ನಾನು ಹೂಂಗುಟ್ಟಿ ಬೈಕ್ ಹತ್ತಿದೆ.

ಮಗಳ ಕಷ್ಟ ಮಾತ್ರ ನಿಜವಾದದ್ದು. ಗುಂಡ್ಲುಪೇಟೆಯ ಶಾಲೆಗೆ ಸೇರಿದ ಹೊಸದರಲ್ಲಿ ಅಲ್ಲಿನ ಶೌಚಾಲಯದ ಚಿಲಕ ಸಿಕ್ಕಿಕೊಂಡು ಅವಳು ಸ್ವಲ್ಪ ಹೊತ್ತು ಒಳಗೇ ಉಳಿದಿದ್ದಳಂತೆ. ಆಯಾ ಬಂದು ಬಾಗಿಲು ತೆಗೆದರು, ಕಣ್ಣೊರೆಸಿದರು, ಅಷ್ಟೇ. ಆದರೆ ಅವತ್ತೇ ಮಗಳು ಇನ್ನು ಅಲ್ಲಿಗೆ ಹೋಗುವುದಿಲ್ಲವೆಂದು ತೀರ್ಮಾನಿಸಿಬಿಟ್ಟಳು. ಶಾಲೆಯಲ್ಲಿ ತಡೆದುಕೊಂಡವಳು ಕ್ರಮೇಣ ಮನೆಯಲ್ಲೂ ತಡೆದುಕೊಳ್ಳತೊಡಗಿದಳು. ಮಂಚದ ಕಾಲು ಹಿಡಿದು, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಪಾಪ, ತಿಣುಕುತ್ತಿದ್ದಾಳೆ ಎಂದು ನಾವು ತಿಳಿದಿದ್ದೆವು. ಬೆಳಗಾದರೆ ಹೊಕ್ಕಳ ಸುತ್ತ ನೋವು. ಅಳು. ಯೂನಿಫಾರ್ಮ್ ಹಾಕಿಕೊಂಡೇ ಚಾಪೆಯ ಮೇಲೆ ಉರುಳಾಟ.

"ಬಟ್ಟಿ ಬಿದ್ದದೆ ಕಣ್ಲಾ," ಎಂದಳು ಅವ್ವ. ಹೊಕ್ಕಳು ಜಾರಿದೆ ಎಂದರ್ಥ. ಬೀದಿಯ ಕೊನೆಯ ಮನೆಯ ಮುದುಕಿ ಬಂದು ಎಣ್ಣೆ ಹಚ್ಚಿ ಹೊಟ್ಟೆ ನೀವಿ ಹೋದಳು. ನನ್ನ ಹೆಂಡತಿ ಹೊತ್ತುಹೊತ್ತಿಗೆ ಬಾಳೆಹಣ್ಣು ತಿನ್ನಿಸಿದಳು. ನಾನು ಮೆಡಿಕಲ್ ಸ್ಟೋರಿನಿಂದ ಜಂತುಹುಳದ ಔಷಧಿ ತಂದೆ. ಯಾವುದೂ ನಾಟಲಿಲ್ಲ. ಕೊನೆಗೆ ಮಗಳು ಎಲ್ಲರ ಬಾಯಿ ಮುಚ್ಚಿಸಲು ಸುಳ್ಳು ಹೇಳುವುದನ್ನು ಕಲಿತಳು. ಅವ್ವ ಇನ್ನೂ ಬಾಯಿ ತೆರೆಯುವ ಮುಂಚೆಯೇ "ಓದೆ ಓದೆ" ಎಂದು ಓಡಿಬಿಡುತ್ತಿದ್ದಳು.

ಚಾಮರಾಜನಗರಕ್ಕೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸುವುದೆಂದಾಯಿತು. ಹೆಂಡತಿಗೆ ಮದುವೆ ಮನೆಯ ಬ್ಲೌಸ್ ಹೊಲಿಯುವುದಿತ್ತು. "ಅತ್ತೇನ ಕರ್ಕೊಂಡೋಗಿ," ಎಂದಳು. "ಡಾಕ್ಟ್ರು ಏಳದ್ನ ಅವ್ರೇ ಕಿವಿಯಾರೆ ಕೇಳ್ಲಿ. ನಾನೇಳುದ್ರೆ ಕೇಳಲ್ಲ."

ಬಸ್ಸಿನುದ್ದಕ್ಕೂ ಅವ್ವ ಪಿಸುಮಾತಿನಲ್ಲೇ ಇದ್ದಳು. ಯಾರಾದರೂ ಎಲ್ಲಿಗೆ ಎಂದರೆ ಜ್ವರ ಎಂದು ಹೇಳಬೇಕಂತೆ. ಇಂಥ ಕಾಯಿಲೆ ಹೆಣ್ಣುಮಗುವಿಗಿದೆ ಎಂದು ನಾಲ್ಕು ಜನಕ್ಕೆ ಗೊತ್ತಾಗಬಾರದು ಎಂಬುದು ಅವಳ ಚಿಂತೆ.

ಆ ಗುಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಒಡೆಯಿತು. ಪಕ್ಕದಲ್ಲಿ ಉಡಿಗಾಲದ ಹೆಂಗಸೊಬ್ಬಳು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವ್ವ ಸುಮ್ಮನಿರಲಾರದೆ, "ಮಗಿಗೆ ಏನಾಗದವ್ವ?" ಎಂದಳು.

"ಒಟ್ಟೆನೋವು ಕಣವ್ವ. ವಾರ್ಕೊಂದ್ಸಲ ಓಯ್ತನೆ. ಓಗಕೆ ಮುಂಚೆ ಊರೆಲ್ಲ ಒಂದು ಮಾಡ್ಬುಡ್ತನೆ."

ಎದುರಿಗೆ ಕೂತಿದ್ದ ಗಂಡಸು ತಲೆಯೆತ್ತಿ, "ನಮ್ಮುಡ್ಗೀದೂ ಅದೇಯ," ಎಂದ. ಮೂಲೆಯಲ್ಲಿದ್ದ ಹೆಂಗಸು, "ನಮ್ಮವ್ಳಿಗೆ ಪರೀಕ್ಷೆ ಅಂದ್ರೆ ಸಾಕು, ಒಕ್ಕಳ ಸುತ್ತ ಇಂಡ್ತದೆ ಅಂತಾಳೆ. ಸ್ಕ್ಯಾನಿಂಗ್ ಮಾಡ್ಸುದ್ರೆ ಏನೂ ಇಲ್ಲ," ಎಂದು ದನಿಗೂಡಿಸಿದಳು.

ಅವ್ವನ ಮುಖ ಅರಳಿತು. "ಅಯ್ಯೋ, ನಮ್ಮೊಬ್ರುದೇ ಅಂದ್ಕೊಂಡಿದ್ದೆ!" ಎಂದವಳೇ ದನಿ ಏರಿಸಿ ನನ್ನ ಕಡೆ ಕೈ ತೋರಿಸಿದಳು. "ಇವ್ನೂ ಇಂಗೇ ಇದ್ದ ಕಣವ್ವ. ಉಲ್ಲು ಮೆದೆ ಇಂದ್ಗಡೆ ಕಾಲ್ಗೆ ಕಾಲು ಎಣ್ಕೊಂಡು ನಿಂತ್ಬುಡ್ತಿದ್ದ. ಒಲದತಾವ ಎತ್ಕೊಂಡೋಗಿ ಕೂರ್ಸುದ್ರೆ, ಇವ್ನು ಕೂಗ ಕೂಗ್ಗೆ ಗಿಣಿಗೊಳೆಲ್ಲ ಎದ್ದೋಗವು!"

ಬೆಂಚುಗಳೆಲ್ಲ ನಕ್ಕವು. ನನ್ನ ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಅದನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ. ಮಗಳು ಕಣ್ಣರಳಿಸಿ ನನ್ನನ್ನೇ ನೋಡಿದಳು.

"ಅಪ್ಪ, ನಿಂಗೂವಾ?"

"ಊಂ ಕಣಮ್ಮಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈ ವಿಷಯಕ್ಕೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ತೂಕ ನೋಡಿದರು, ವಾಂತಿ, ಜ್ವರ, ರಕ್ತ ಏನಾದರೂ ಇದೆಯಾ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಹೇಳಿದರು: "ಹೊಟ್ಟೆನೋವು ಅಂತ ನನ್ನ ಹತ್ರ ಬರೋ ಮಕ್ಕಳಲ್ಲಿ ತುಂಬಾ ಜನರದ್ದು ಇದೇ. ಒಳಗೆ ರೋಗ ಇಲ್ಲ. ಹಾಗಂತ ನೋವು ಸುಳ್ಳಲ್ಲ. ಒಂದು ಸಲ ಹೆದರಿ ತಡಕೊಳ್ತಾರೆ, ತಡಕೊಂಡಷ್ಟೂ ಗಟ್ಟಿಯಾಗುತ್ತೆ, ಹೋಗುವಾಗ ನೋಯುತ್ತೆ, ಮತ್ತೆ ಹೆದರ್ತಾರೆ." ತುದಿಗಾಲಲ್ಲಿ ನಿಲ್ಲುವುದು ತಿಣುಕುವುದಲ್ಲ, ತಡೆಯುವುದು ಎಂದು ತಿಳಿದದ್ದು ಆಗಲೇ.

ಮೆದುವಾಗಲು ಒಂದು ಸಿರಪ್ ಬರೆದರು. ಗುಣವಾಯಿತೆಂದು ನಡುವೆ ನಿಲ್ಲಿಸಬಾರದು. ಊಟವಾದ ಮೇಲೆ ಅವಸರವಿಲ್ಲದೆ ಕೂರಿಸಬೇಕು. "ಇನ್ನೊಂದು ಔಷಧಿ ದೊಡ್ಡವರಿಗೆ," ಎಂದರು. "ಹೋದ್ಯಾ ಹೋದ್ಯಾ ಅಂತ ಯಾರೂ ಕೇಳಬಾರದು."

ಅವ್ವ ಪೆಚ್ಚಾದಳು. "ಕೇಳ್ದೆ ಎಂಗವ್ವ ಗೊತ್ತಾಗದು?"

"ಅವಳಮ್ಮ ಸದ್ದಿಲ್ಲದೆ ನೋಡ್ಕೊಳ್ಳಲಿ. ನೀವು ಬೇರೆ ಏನಾದ್ರೂ ಮಾತಾಡಿ ಅಜ್ಜಿ."

ಆ ಮಾತನ್ನು ಅವ್ವ ವ್ರತದಂತೆ ಹಿಡಿದಳು. ರಾತ್ರಿ ಊಟವಾದ ಮೇಲೆ ಮಗಳು ಒಳಗೆ, ಬಾಗಿಲು ಅರ್ಧ ತೆರೆದು. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಅವ್ವ. ಬಾಳೆ ತೋಟಕ್ಕೆ ನುಗ್ಗಿದ ನರಿಯ ಕತೆ ದಿನಕ್ಕಿಷ್ಟು ಬೆಳೆಯುತ್ತಿತ್ತು. ಒಳಗಿನಿಂದ "ಆಮೇಲೆ?" ಎಂದು ದನಿ. ಒಮ್ಮೊಮ್ಮೆ ಮಗಳು ಹೊರಗೆ ಬಂದಾಗ ಅವ್ವನ ಬಾಯಿಂದ "ಓ..." ಎಂದು ಹೊರಟೇಬಿಡುತ್ತಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ ಕಣ್ಣು ಬಿಟ್ಟರೆ, "ಓ... ಓತಿಕ್ಯಾತ ನೋಡಮ್ಮಿ ಗೋಡೆ ಮ್ಯಾಲೆ!" ಎಂದು ತಿರುಗಿಸಿಬಿಡುವಳು. ಕತ್ತಲಲ್ಲಿ ಎಲ್ಲಿಯ ಓತಿಕ್ಯಾತ! ಮಗಳು ಪಾಪ ಟಾರ್ಚ್ ತಂದು ಹುಡುಕುತ್ತಿದ್ದಳು.

"ಈಗೀಗ ನಿಮ್ಮ ತಾಯಿ ಓದಿನ ಸುದ್ದಿಯೇ ಎತ್ತುವುದಿಲ್ಲವಲ್ಲ?" ಎಂದರು ಪಕ್ಕದ ಮನೆಯವರು. ಆಗ ಅವರಿಗೆ ನಿಜ ಹೇಳಿದೆ. ಅವರು ಗೇಟು ಹಿಡಿದುಕೊಂಡು ನಕ್ಕು, ಆಮೇಲೆ ದನಿ ತಗ್ಗಿಸಿ ಆ ಡಾಕ್ಟರಮ್ಮನ ವಿಳಾಸ ಕೇಳಿದರು. ಅವರ ಸಣ್ಣ ಮಗನಿಗೂ ಅದೇ ತೊಂದರೆಯಂತೆ.

ಶಾಲೆಯ ಟೀಚರಿಗೂ ವಿಷಯ ತಿಳಿಸಿದೆ. "ನಿಮ್ಮವಳೊಬ್ಬಳೇ ಅಲ್ಲ ಸಾರ್, ಮನೆಗೆ ಹೋಗೋ ತನಕ ತಡಕೊಳ್ಳೋರು ಕ್ಲಾಸಲ್ಲಿ ಇನ್ನೂ ಇದ್ದಾರೆ," ಎಂದ ಅವರು ಮಧ್ಯಾಹ್ನದ ಊಟದ ನಂತರ ಮಕ್ಕಳನ್ನು ಜೋಡಿಯಾಗಿ ಕಳಿಸತೊಡಗಿದರು. ಒಬ್ಬಳು ಒಳಗೆ, ಇನ್ನೊಬ್ಬಳು ಬಾಗಿಲಿಗೆ ಕಾವಲು. ಚಿಲಕದ ಗೊಡವೆಯೇ ಇಲ್ಲ.

ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ನಡುವೆ ಜ್ವರ ಬಂದು ಊಟ ಬಿಟ್ಟಾಗ ತುದಿಗಾಲಿನ ನಿಲುವು ಮರಳಿತು. ಅವ್ವ ಮತ್ತೆ ಎಣ್ಣೆ ಬಟ್ಟಲು ಕೈಗೆತ್ತಿಕೊಂಡಳು. ನಾವು ಸಿರಪ್ ನಿಲ್ಲಿಸಲಿಲ್ಲ, ಗದರಲಿಲ್ಲ. ನರಿಯ ಕತೆಯಲ್ಲಿ ಒಂದು ಆನೆ ಬಂದು ಸೇರಿಕೊಂಡಿತು. ಕ್ರಮೇಣ ಬೆಳಗಿನ ನೋವು ಅಪರೂಪವಾಯಿತು.

ಬೇಸಿಗೆ ರಜದಲ್ಲಿ ಹಂಗಳದ ನನ್ನ ತಂಗಿಯ ಮನೆಗೆ ಹೋದೆವು. ಹೊಸ ಜಾಗ, ಹೊಸ ಕಕ್ಕಸು, ಈ ಹುಡುಗಿ ಏನು ಮಾಡುತ್ತಾಳೋ ಎಂದು ನಮಗೆ ಒಳಗೊಳಗೇ ಅಳುಕು. ಯಾರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಹಲಸಿನ ತೊಳೆ ಬಿಡಿಸುತ್ತಿದ್ದಾಗ ಮಗಳು ಹಿತ್ತಲಿನಿಂದ ಒದ್ದೆ ಕೈ ಒದರುತ್ತ ಬಂದು ನೇರವಾಗಿ ಅತ್ತೆಯ ಮುಂದೆ ನಿಂತಳು.

"ಅತ್ತೆ, ನಿಮ್ಮನೆ ಮಗ್ಗು ತೂತಾಗದೆ. ನೀರೆಲ್ಲ ಸೋರೋಯ್ತದೆ."

ಹೇಳಿದವಳೇ ಒಂದು ತೊಳೆ ಬಾಯಿಗಿಟ್ಟುಕೊಂಡು ಆಟಕ್ಕೆ ಓಡಿದಳು. ಅವ್ವ ಅವಳು ಹೋದ ಕಡೆಯೇ ನೋಡುತ್ತ ಕೂತಳು. ಆಮೇಲೆ ನನ್ನ ತಂಗಿಯ ಕಡೆ ತಿರುಗಿ, "ಕೇಳುಸ್ತಾ? ಸಾಯಂಕಾಲ್ದೊಳ್ಗೆ ಒಂದು ಒಳ್ಳೆ ಮಗ್ಗು ತರ್ಸು," ಎಂದು ಆಜ್ಞೆ ಮಾಡಿದಳು.