ಅಣ್ಣನ ಎಡಕ್ಕೆ ನಿಂತವನು

ದೆವ್ವ, ಮಾಯೆ ಇವುಗಳನ್ನು ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಓದಿದ್ದು ಐದನೇ ಕ್ಲಾಸು, ಬರೆದು ಅಭ್ಯಾಸವಿಲ್ಲ. ಆದರೆ ಅಣ್ಣ ತೀರಿಕೊಂಡ ಮೇಲೆ ಜನ ಅವನ ಜೊತೆ ನನ್ನನ್ನೂ ಹೊಗಳುತ್ತಿದ್ದಾರೆ. ಆ ಹೊಗಳಿಕೆ ನನ್ನದಲ್ಲ ಎಂದು ಒಂದು ಸಲವಾದರೂ ಹೇಳಿಬಿಡಬೇಕು.

ಚಳ್ಳಕೆರೆಯಲ್ಲಿ ಅಣ್ಣನನ್ನು ಮಿಲ್ಟ್ರಿ ರುದ್ರಣ್ಣ ಎನ್ನುತ್ತಿದ್ದರು. ಎರಡು ಯುದ್ಧ ಕಂಡು, ತೊಡೆಯಲ್ಲಿ ಗುಂಡಿನ ಚೂರು ಇಟ್ಟುಕೊಂಡೇ ಊರಿಗೆ ಬಂದವನು. ನಮ್ಮ ಶೇಂಗಾ ಅಂಗಡಿಯಲ್ಲಿ ಕೂತು, ವ್ಯಾಪಾರಕ್ಕಿಂತ ಹೆಚ್ಚಾಗಿ ಊರವರ ಜಗಳ ಬಿಡಿಸುತ್ತಿದ್ದ.

ತೊಂಬತ್ತರ ದಶಕದ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಲಾರಿಯೊಂದು ಒಬ್ಬ ಹುಡುಗಿಗೆ ಗುದ್ದಿತು. ಹುಡುಗಿ ಸತ್ತಳೆಂದು ಸುದ್ದಿ ಹಬ್ಬಿತು. ಮುರಿದಿದ್ದು ಕಾಲು ಮಾತ್ರ, ಅದು ಗೊತ್ತಾಗಿದ್ದು ಸಂಜೆಗೆ. ಜನ ಡ್ರೈವರನ್ನು ಕೆಳಗೆಳೆದು ಕಲ್ಲಿನಿಂದ ತಲೆಗೆ ಹೊಡೆದರು. ಆಂಧ್ರದವನು. ಹೇಗೋ ತಪ್ಪಿಸಿಕೊಂಡು, ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆ ನಮ್ಮ ಅಂಗಡಿಗೆ ನುಗ್ಗಿದ. ಅಣ್ಣ ಅವನನ್ನು ಮೂಟೆಗಳ ಹಿಂದಕ್ಕೆ ತಳ್ಳಿ, ಕುಂಟುತ್ತ ಹೊರಗೆ ಹೋಗಿ ನಿಂತ. ಎದುರಿಗೆ ನಲವತ್ತು ಐವತ್ತು ಜನ, ಕೈಯಲ್ಲಿ ಸೈಕಲ್ ಚೈನು, ಕಬ್ಬಿಣದ ಸರಳು.

"ಏ ಮುದುಕಪ್ಪ, ಪಕ್ಕಕ್ಕೆ ಸರ್ಕೊ. ಅವನ ಜತಿಗೆ ನೀನೂ ಸಾಯ್ತೀಯಾ?" ಎಂದ ಒಬ್ಬ.

"ಸಾಯಾಕೆ ಅಂತ ಎರಡು ಸಲ ಹೋಗಿದ್ದೆ, ಬ್ಯಾಡ ಅಂತ ವಾಪಸ್ ಕಳಿಸಿದ್ರು," ಎಂದ ಅಣ್ಣ. ಆಮೇಲೆ ತಿರುಗದೆಯೇ, ಅಂಗಡಿಯೊಳಗಿದ್ದ ನನ್ನನ್ನು ಕರೆದ. "ಲೇ ತಮ್ಮಾ, ಬಾರ್ಲೇ. ನನ್ನ ಎಡಕ್ಕೆ ನಿಲ್ಲು."

ಮೊದಲ ಕಲ್ಲು ಅವನ ಹುಬ್ಬಿಗೆ ಬಿತ್ತು. ನಾನು ಶೆಟರ್ ಎಳೆದು ಒಳಗಿನಿಂದ ಚಿಲಕ ಹಾಕಿದೆ. ಡ್ರೈವರ್ ನನ್ನ ಕಾಲು ಹಿಡಿದು, ನಿಮ್ಮಣ್ಣ ಹೊರಗಿದ್ದಾನೆ, ತೆಗೆಯಿರಿ ಎಂದು ತೆಲುಗಿನಲ್ಲಿ ಬೇಡಿಕೊಂಡ. ಜನ ಕೊಲ್ಲಲು ಬಂದಿದ್ದು ಅವನನ್ನು, ತೆಗೆ ಎಂದವನೂ ಅವನೇ. ನಾನು ತೆಗೆಯಲಿಲ್ಲ. ಶೆಟರಿಗೆ ಮೈ ಅಪ್ಪಳಿಸಿದ್ದು, ಮೂಳೆ ಮುರಿದಿದ್ದು, ಯಾರೋ ಕಿರುಚಿದ್ದು ಎಲ್ಲ ಕೇಳಿಸಿತು.

ಪೊಲೀಸರು ಬಂದ ಮೇಲೆ ಹಿಂದಿನ ಬಾಗಿಲಿಂದ ಸುತ್ತಿ ಬಂದೆ. ಅಣ್ಣ ರಕ್ತದಲ್ಲಿ ನೆನೆದು ಕೂತಿದ್ದ. ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನು ಪಕ್ಕಕ್ಕೆ ಇರ್ಲಿಲ್ಲ ಅಂದಿದ್ರೆ ಮುಗೀತಿತ್ತು ಕಣೋ" ಎಂದ. ಅಣಕಿಸುತ್ತಿದ್ದಾನೆ ಅಂದುಕೊಂಡೆ. ಆದರೆ ಸಾಯುವವರೆಗೂ, ಹತ್ತು ಹನ್ನೆರಡು ವರ್ಷ, ಎಲ್ಲರ ಮುಂದೆ ಅದನ್ನೇ ಹೇಳಿದ. ನನ್ನ ಮಾನ ಕಾಯುತ್ತಿದ್ದಾನೆಂದು ತಿಳಿದು ಸುಮ್ಮನಿದ್ದೆ. ನಿಜ ಗೊತ್ತಿದ್ದ ಡ್ರೈವರ್ ಮತ್ತೆ ಈ ಕಡೆ ಬರಲೇ ಇಲ್ಲ.

ಅಣ್ಣನ ಶಿವಗಣಾರಾಧನೆಯ ದಿನ ಮೊಳಕಾಲ್ಮೂರಿನಿಂದ ಒಬ್ಬ ನೇಕಾರ ಬಂದ. ಆ ಹುಡುಗಿಯ ಸೋದರಮಾವ. ಸೊಟ್ಟಗೆ ಕೂಡಿಕೊಂಡ ಮಣಿಕಟ್ಟು ತೋರಿಸಿದ. ಮಗ್ಗಕ್ಕೆ ಕೂರಲು ಆಗುವುದಿಲ್ಲವಂತೆ, ಬೇರೆಯವರಿಗೆ ನೂಲು ಸುತ್ತಿಕೊಟ್ಟು ಬದುಕುತ್ತಾನಂತೆ.

"ನೀವೇ ಹೊಡೆದಿದ್ರಿ, ಎಡಗೈಲಿ. ಸಿಟ್ಟಿಲ್ಲ ಸ್ವಾಮಿ. ನಿಮ್ಮಣ್ಣನ ತಲಿಗೆ ಸರಳು ಎತ್ತಿದ್ದೆ. ನೀವು ಹೊಡೀದೇ ಇದ್ದಿದ್ರೆ ಕೊಲೆಗಾರ ಆಗಿರ್ತಿದ್ದೆ."

ನಾನು ಎಡಚನೇ. ಆ ಮನುಷ್ಯನನ್ನು ಅದಕ್ಕೆ ಮೊದಲು ಕಂಡವನಲ್ಲ. ಅವನ ಜೊತೆ ಬಂದಿದ್ದ ಇಬ್ಬರು, ಅವತ್ತು ಆ ಗುಂಪಿನಲ್ಲಿದ್ದವರು, ಅವರೂ ನನ್ನ ಮುಖ ನೋಡಿ ಹೌದೆಂದರು. ಅಣ್ಣ ಬೇಕೆಂದೇ ಸುಳ್ಳು ಹೇಳಿರಬಹುದು. ಇವರಿಗೆ ಸುಳ್ಳು ಹೇಳಿ ಏನಾಗಬೇಕಿತ್ತು?

ಅವನು ನನ್ನ ಕಾಲಿಗೆ ಬಗ್ಗಿದ. ಅದು ನಾನಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳದೆ, ಅವನನ್ನು ಎಬ್ಬಿಸಿ ಊಟಕ್ಕೆ ಕೂರಿಸಿದೆ. ಅಣ್ಣನ ಪಕ್ಕ ನಿಂತವರು ಯಾರೆಂದು ನನಗೆ ಇವತ್ತಿಗೂ ತಿಳಿಯದು. ನಾನಂತೂ ಒಳಗಿದ್ದೆ.