ಅವ್ವನ ಬಲಗೈ

2004ರ ನವೆಂಬರ್ ತಿಂಗಳ ಒಂದು ಶುಕ್ರವಾರ, ದೋಹಾದ ಇಂಗ್ಲಿಷ್ ಪತ್ರಿಕೆಯೊಂದರ ಪುರವಣಿಯಲ್ಲಿ ಒಂದು ಚಿತ್ರ ಅಚ್ಚಾಯಿತು. ಜೋಧಪುರದ ರೈಲು ನಿಲ್ದಾಣದಲ್ಲಿ ಗದಗಿನ ಒಬ್ಬ ಮುದುಕಿ ಅಪರಿಚಿತನೊಬ್ಬನಿಗೆ ಎಡಗೈಯಿಂದ ಜೋಳದ ರೊಟ್ಟಿ ಕೊಡುತ್ತಿರುವ ಚಿತ್ರ. ಆಕೆ ಕೊಟ್ಟದ್ದು ಬಲಗೈಯಿಂದ. ಅದನ್ನು ಎಡಗೈ ಮಾಡಿದವನು ನಾನು.

ಮುಂದಿನ ಶುಕ್ರವಾರ ಅದೇ ಪುರವಣಿಯಲ್ಲಿ ತಿದ್ದುಪಡಿ ಬಂತು: ಛಾಯಾಗ್ರಾಹಕರು ಕಳಿಸಿದ ಪ್ರತಿಯಲ್ಲಿದ್ದ ದೋಷದಿಂದ ಚಿತ್ರ ಎಡಬಲ ಬದಲಾಗಿ ಮುದ್ರಣವಾಗಿದೆ. ಆ ವಾಕ್ಯ ಬರೆದವನೂ ನಾನೇ. ಅದು ಸುಳ್ಳು.

ಆಗ ನಾನು ಆ ಪತ್ರಿಕೆಯ ಉಪಸಂಪಾದಕ. ಈಗಲೂ ಅಲ್ಲೇ ಇದ್ದೇನೆ. ಮನೆ ಬಿನ್ ಮಹಮೂದ್‌ನಲ್ಲಿ, ಮೂಲ ಊರು ಉಡುಪಿಯ ಹತ್ತಿರ. ಛಾಯಾಗ್ರಾಹಕ ಶಿವಾನಂದ ಗದಗಿನವರು. ರಾಸ್ ಲಫ್ಫಾನ್‌ನ ಅನಿಲ ಸ್ಥಾವರದಲ್ಲಿ ಮೀಟರುಗಳನ್ನು ಸರಿಪಡಿಸುವ ತಂತ್ರಜ್ಞ, ಅಲ್ ಸದ್ದ್‌ನಲ್ಲಿ ಸಂಸಾರ. ನಮ್ಮ ಕನ್ನಡ ಸಂಘದ ಒಂದು ಊಟದಲ್ಲಿ ಪರಿಚಯವಾದವರು. ಸಂಘದ ಪತ್ರಿಕೆಯ ಈ ಸಂಚಿಕೆ ಓದುವ ಬಹುತೇಕರಿಗೆ ಅವರು ಗೊತ್ತು. ಅವರ ತಪ್ಪು ಎಂದು ಒಂದು ಸಂಗತಿಯೂ ಗೊತ್ತು — ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ.

ಅವರು ಫೋಟೋ ಕಲಿತ ಬಗೆಯನ್ನು ಮೊದಲು ಹೇಳಬೇಕು.

ನಾವೆಲ್ಲ ಜುಲೈಯಲ್ಲಿ ಊರಿಗೆ ಹೋದರೆ ನೆಂಟರ ಮನೆ, ಮದುವೆ, ದಂತವೈದ್ಯ, ಬ್ಯಾಂಕು — ಅಷ್ಟರಲ್ಲಿ ರಜೆ ಮುಗಿಯುತ್ತದೆ. ಶಿವಾನಂದರು ಗದಗಿನಲ್ಲಿ ಅಣ್ಣನ ಮನೆಗೆ ಹೋಗಿ, ತಾಯಿಯನ್ನು ಕರೆದುಕೊಂಡು, ಹೆಂಡತಿ ಸುನಂದಾ ಮತ್ತು ಮಗಳು ವಿದ್ಯಾ ಜೊತೆ ರೈಲು ಹತ್ತುತ್ತಿದ್ದರು. ಕೊರಳಿಗೆ ಹಳೆಯ ಫಿಲ್ಮ್ ಕ್ಯಾಮರಾ. ಮೊದಲ ವರ್ಷ ಹಂಪಿಗೆ ಹೋಗಿ ನಡುಮಧ್ಯಾಹ್ನ ಮೂರು ರೋಲ್ ತೆಗೆದರು. ತೊಳೆಸಿ ನೋಡಿದರೆ ಕಂಬಗಳೆಲ್ಲ ಕಪ್ಪು, ಆಕಾಶವೆಲ್ಲ ಬಿಳಿ. ಯಾರ ಮುಖವೂ ಇರಲಿಲ್ಲ. ಮರುವರ್ಷ ಮತ್ತೆ ಹಂಪಿಗೇ ಹೋದರು, ಬೆಳಿಗ್ಗೆ ಬೇಗ. ಬಿಸಿಲು ಏರುತ್ತಿದ್ದಂತೆ ಕ್ಯಾಮರಾ ಮುಚ್ಚಿ ಮಗಳ ಜೊತೆ ಮಂಟಪದ ನೆರಳಿನಲ್ಲಿ ಮಲಗಿಬಿಟ್ಟರು. ಸಂಜೆ ಮತ್ತೆ ಎದ್ದರು.

"ರಜಾ ಯಾರಿಗ್ರಿ? ನಮಗೋ, ನಿಮ್ಮ ಕ್ಯಾಮರಾಕ್ಕೋ?" ಎಂದು ಸುನಂದಾ ಕೇಳುತ್ತಿದ್ದರಂತೆ.

"ಕ್ಯಾಮರಾಕ್ಕ ರಜಾ ಮಧ್ಯಾಹ್ನ ಐತಲ್ಲ, ಅವಾಗ ನೀ ತುಗೋ."

ಈ ಮಾತು ನಾನು ಕೇಳಿದ್ದಲ್ಲ. ವಿದ್ಯಾ ಅಪ್ಪ-ಅಮ್ಮ ಇಬ್ಬರ ದನಿಯನ್ನೂ ಅಣಕಿಸಿ ತೋರಿಸಿದ್ದು.

ಕಾಶಿಯಲ್ಲಿ ಅವರು ಕಲಿತದ್ದು ಹಿನ್ನೆಲೆ. ಅಲ್ಲಿಂದ ತಂದ ಚಿತ್ರಗಳಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಒಂದು ಕೊಡೆ ಅಥವಾ ಕಂಬ ಎದ್ದಿತ್ತು. ನಗುತ್ತಲೇ ಎಲ್ಲವನ್ನೂ ನನಗೆ ತೋರಿಸಿದರು. ಮುಂದಿನ ಪ್ರವಾಸದ ಹೊತ್ತಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದನ್ನು, ಮಂಡಿಯೂರುವುದನ್ನು, ಬೇಡದ್ದು ಚೌಕಟ್ಟಿನಿಂದ ಹೊರಹೋಗುವವರೆಗೆ ಸುಮ್ಮನೆ ಕಾಯುವುದನ್ನು ಕಲಿತಿದ್ದರು. ಪತ್ರಿಕೆಯಲ್ಲಿ ನಾನು ಸಂಬಳಕ್ಕೆ ಕೆಲಸ ಮಾಡುವ ಛಾಯಾಗ್ರಾಹಕರನ್ನು ಕಂಡಿದ್ದೇನೆ. ತನ್ನ ಕೆಟ್ಟ ಚಿತ್ರವನ್ನು ಇಷ್ಟು ಆಸಕ್ತಿಯಿಂದ ನೋಡುವ ಇನ್ನೊಬ್ಬರನ್ನು ಕಂಡಿಲ್ಲ.

ಎಲ್ಲ ಪ್ರವಾಸಗಳಲ್ಲೂ ಶಿವಾನಂದರ ತಾಯಿ, ಅವ್ವ, ಇದ್ದರು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಬಲಗೈಗೆ ಮಾತ್ರ ಒಂದು ಬೆಳ್ಳಿ ಕಡಗ, ಬಟ್ಟೆಯ ಚೀಲದಲ್ಲಿ ಒಣಗಿಸಿದ ಕಟಕ ರೊಟ್ಟಿಯ ಗಂಟು. ಭಾಷೆ ಗೊತ್ತಿಲ್ಲದ ಊರಿನಲ್ಲಿ ಆಕೆ ಮಾಡುತ್ತಿದ್ದ ಪರಿಚಯ ಒಂದೇ — ರೊಟ್ಟಿ ಮುರಿದು ಕೊಡುವುದು. ಜೋಧಪುರದಲ್ಲಿ ಪಕ್ಕದಲ್ಲಿ ಕುಳಿತಿದ್ದ, ದೊಡ್ಡ ರುಮಾಲಿನ ಮುದುಕನಿಗೆ ಕೊಟ್ಟರು. ಆತ ಎರಡೂ ಕೈಯಲ್ಲಿ ತೆಗೆದುಕೊಂಡು, ತನ್ನ ಕಡೆಯ ಸಜ್ಜೆ ರೊಟ್ಟಿಗೂ ಇದಕ್ಕೂ ಏನು ಸಂಬಂಧ ಎಂಬಂತೆ ಅದನ್ನೇ ನೋಡುತ್ತಿದ್ದ. ಛಾವಣಿಯ ಸಂದಿಯಿಂದ ಇಳಿದ ಬೆಳಕು ಅವ್ವನ ಕೆನ್ನೆಯ ಮೇಲೆ, ಚಾಚಿದ ಕೈಯ ಮೇಲೆ. ಹಿಂದೆ ಏನೂ ಇಲ್ಲ — ಬರೀ ನೆರಳು. ಹಂಪಿಯಲ್ಲಿ ಕಲಿತ ಬೆಳಕು, ಕಾಶಿಯಲ್ಲಿ ಕಲಿತ ಹಿನ್ನೆಲೆ, ಎರಡೂ ಆ ಒಂದು ಚಿತ್ರದಲ್ಲಿ ಒಟ್ಟಿಗೆ ಇದ್ದವು.

ಅದನ್ನು ಪುರವಣಿಯಲ್ಲಿ ಹಾಕೋಣ ಎಂದವನು ನಾನು. ಅವರು ಆಫೀಸಿನಲ್ಲಿ ಒಂದು ಸ್ಕ್ಯಾನರ್ ಕೇಳಿ ಪಡೆದು, ಎರಡು ಸಲ ಪ್ರಯತ್ನಿಸಿ, ಚಿತ್ರವನ್ನು ಒಂದು ಸಿ.ಡಿ.ಗೆ ಹಾಕಿ ತಂದುಕೊಟ್ಟರು. ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ.

ಸುದ್ದಿಮನೆಯಲ್ಲಿ ಒಂದು ರೂಢಿ ಇದೆ. ಚಿತ್ರದಲ್ಲಿರುವ ಮುಖ ಪುಟದ ಒಳಕ್ಕೆ ನೋಡಬೇಕು. ಹೊರಕ್ಕೆ ನೋಡಿದರೆ ಓದುಗನ ಕಣ್ಣೂ ಪುಟದಿಂದ ಹೊರಗೆ ಹೋಗುತ್ತದೆ ಎನ್ನುತ್ತಾರೆ. ಪುಟದ ಬಲ ಅಂಚಿನಲ್ಲಿ ನನಗೆ ಜಾಗ ಉಳಿದಿತ್ತು. ಅವ್ವನ ಮುಖ ಬಲಕ್ಕೆ, ಅಂದರೆ ಪುಟದ ಹೊರಕ್ಕೆ ಇತ್ತು. ಪುಟವನ್ನು ಮತ್ತೆ ಕಟ್ಟಬೇಕಿತ್ತು — ಅಥವಾ ಚಿತ್ರವನ್ನೇ ಮಗುಚಬೇಕಿತ್ತು. ಚಿತ್ರ ಮಗುಚಬಾರದು ಎಂಬುದು ಅದೇ ಸುದ್ದಿಮನೆಯ ಅದಕ್ಕಿಂತ ದೊಡ್ಡ ನಿಯಮ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೇ ನಾನು. ಆದರೂ ಮಗುಚಿದೆ. ಹಿಂದೆ ಅಕ್ಷರವಿದ್ದ ಒಂದು ಫಲಕ ಕಂಡಿದ್ದರೆ ಸಾಧ್ಯವಾಗುತ್ತಿರಲಿಲ್ಲ. ಅವರು ಹಿನ್ನೆಲೆಯನ್ನು ಅಷ್ಟು ಚೊಕ್ಕಟವಾಗಿಟ್ಟಿದ್ದರು.

ಕೈಯ ವಿಚಾರ ನನಗೆ ಹೊಳೆಯಲೇ ಇಲ್ಲ. ಎಡಗೈಯಲ್ಲಿ ಒಂದು ಲೋಟ ನೀರನ್ನೂ ಕೊಡದ ಮನೆಯಲ್ಲಿ ಬೆಳೆದವನು ನಾನು — ನನಗೇ ಹೊಳೆಯಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಶಿವಾನಂದರು ಪೇಪರಿನ ಹಲವು ಪ್ರತಿ ಕೊಂಡರು. ಅಂದೇ ಊರಿಗೆ ಹೊರಟಿದ್ದ ಹುಬ್ಬಳ್ಳಿಯವರೊಬ್ಬರ ಸೂಟ್‌ಕೇಸಿನಲ್ಲಿ ಒಂದನ್ನು ಗದಗಿಗೆ ಕಳಿಸಿದರು. ಸಂಜೆ ಸಂಘದ ಗೆಳೆಯರು ಸೇರಿದ್ದಾಗ ಮಂಗಳೂರು ಕಡೆಯ ಒಬ್ಬರು ತಮಾಷೆಗೆ ಕೇಳಿದರು:

"ಎಂತ ಶಿವಾನಂದ್ರೆ, ನಿಮ್ಮ ಊರಲ್ಲಿ ರೊಟ್ಟಿ ಎಡಗೈಯಲ್ಲಿ ಕೊಡುದಾ? ಅದಕ್ಕೇ ಆ ಅಜ್ಜ ಹಾಗೆ ನೋಡ್ತಾ ಇರುದು!"

ಎಲ್ಲರೂ ನಕ್ಕರು. ಶಿವಾನಂದರು ಪೇಪರು ತೆಗೆದು ನೋಡಿದರು. ಅವರ ಮುಖ ನಾನು ನೋಡಲಿಲ್ಲ; ನೋಡದಿರಲು ಬೇರೆ ಕಡೆ ತಿರುಗಿದೆ. ವಿದ್ಯಾ ಬಂದು ಅಪ್ಪನ ತೋಳಿನ ಕೆಳಗಿಂದ ಇಣುಕಿ, "ಪಪ್ಪಾ, ಇದು ಮಿರರ್ ಆಗಿದೆ. ಅಜ್ಜಿ ಕಡಗ ಯಾವಾಗ್ಲೂ ರೈಟ್ ಹ್ಯಾಂಡಲ್ಲಿ ಅಲ್ವಾ?" ಅಂದಳು.

ಮರುದಿನ ಅವರು ನೆಗೆಟಿವ್ ಹಿಡಿದು ನಮ್ಮ ಮನೆಗೆ ಬಂದರು. ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದರು.

"ಸರ, ನೆಗೆಟಿವ್ ಸರಿ ಐತಿ ನೋಡ್ರಿ. ಹಂಗಾರ ಎಲ್ಲಿ ತಪ್ಪಾತು?"

ಅದಕ್ಕೆ ಮೊದಲೇ, ಯಾರೋ ಓದುಗರು ಗಮನಕ್ಕೆ ತಂದದ್ದರಿಂದ, ಸಂಪಾದಕರು ಫೋನಿನಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಚಿತ್ರ ಬಂದದ್ದೇ ಹಾಗೆ ಎಂದು ನಾನು ಉತ್ತರಿಸಿ ಆಗಿತ್ತು. ಆ ತಿಂಗಳು ನನ್ನ ವೀಸಾ ನವೀಕರಣವಾಗಬೇಕಿತ್ತು. ಈಗ ಎರಡನೇ ಸಲ ಅದೇ ಸುಳ್ಳನ್ನು, ಈ ಸಲ ಆ ಮನುಷ್ಯನ ಎದುರಿನಲ್ಲೇ —

"ನೀವು ಸ್ಕ್ಯಾನ್ ಮಾಡುವಾಗ ನೆಗೆಟಿವ್ ಮಗುಚಿ ಇಟ್ಟಿರಬೇಕು ಮಾರಾಯ್ರೆ. ಎಲ್ಲರಿಗೂ ಆಗ್ತದೆ."

ಆ 'ಮಾರಾಯ್ರೆ' ಇವತ್ತಿಗೂ ನನ್ನ ಕಿವಿಯಲ್ಲಿದೆ. ನಮ್ಮ ಕಡೆ ಆತ್ಮೀಯರನ್ನು ಸಮಾಧಾನ ಮಾಡುವಾಗ ಬಳಸುವ ಪದ. ನಾನು ಅದನ್ನು ಅಲ್ಲಿ ಇಟ್ಟೆ.

ಅವರು ನೆಗೆಟಿವ್ ಕೆಳಗಿಳಿಸಿದರು. "ಹೌದಲ್ರೀ. ಎರಡನೇ ಸಲ ಇಟ್ಟಾಗ ಹಿಂದ ಮುಂದ ಆಗಿರಬೇಕು. ನಂದ ಹುಚ್ಚತನ. ನಿಮ್ಮ ಪೇಪರಿಗೂ ಕೆಟ್ಟ ಹೆಸರ ತಂದೆ, ಸಾರಿ ಸರ."

ಸರಿಯಾದ ಚಿತ್ರವೇ ಇದ್ದ ಅವರ ಸಿ.ಡಿ. ನನ್ನ ಮೇಜಿನ ಡ್ರಾಯರಿನಲ್ಲಿತ್ತು. ವಾಪಸ್ ಕೇಳಿದ್ದರೆ — ಅವರು ಕೇಳಲಿಲ್ಲ.

ಗದಗಿಗೆ ಪೇಪರು ತಲುಪಿತು. ಅಣ್ಣನ ಮನೆಯ ಓಣಿಯವರೆಲ್ಲ ನೋಡಿದರು. ಅವ್ವ ಫೋನಿನಲ್ಲಿ, "ನಾ ಯಾವಾಗ ಎಡಗೈಲೆ ಕೊಟ್ಟೆನೋ ತಮ್ಮಾ?" ಎಂದು ಕೇಳಿದರು. ಮಗ, ತನ್ನದೇ ತಪ್ಪು, ಮಷಿನ್ನಿನಲ್ಲಿ ಉಲ್ಟಾ ಇಟ್ಟಿದ್ದೆ ಎಂದು ಹೇಳಿದರು. ಆಕೆ ನಕ್ಕರಂತೆ. ಆದರೆ ಮರುವರ್ಷದ ಪ್ರವಾಸದಲ್ಲಿ ಮಗ ಕ್ಯಾಮರಾ ಎತ್ತಿದಾಗ ಪಕ್ಕಕ್ಕೆ ಸರಿದರು.

"ನಾ ಬ್ಯಾಡೋ. ನಾ ನಿಂತ್ರ ನಿನ್ನ ಫೋಟೋ ಎಡವಟ್ಟ ಆಗ್ತೈತಿ, ಮಂದಿ ನಿನಗ ನಗ್ತಾರ. ನಾ ಇಲ್ಲೇ ಚೀಲಾ ಕಾಯ್ತೀನಿ."

ಆಕೆಗೆ ತನ್ನ ಮಾನದ ಚಿಂತೆ ಇರಲಿಲ್ಲ, ಮಗನದಿತ್ತು. ಅಲ್ಲಿಂದ ಮುಂದಿನ ಯಾವ ಪ್ರವಾಸದ ಚಿತ್ರದಲ್ಲೂ ಅವ್ವ ಇಲ್ಲ. ಕೊನಾರ್ಕದ ಚಿತ್ರದಲ್ಲಿ ಕಲ್ಲಿನ ಚಕ್ರದ ಬುಡದಲ್ಲಿ ಒಂದು ಬಟ್ಟೆಯ ಚೀಲ. ಅಮೃತಸರದಲ್ಲಿ ಸಾಲು ಚಪ್ಪಲಿಗಳ ನಡುವೆ ಒಂದು ಸವೆದ ಜೋಡು. ಒಂದರಲ್ಲಿ, ನೆಲದ ಮೇಲೆ, ಸೆರಗು ಹೊದ್ದ ತಲೆಯ ನೆರಳು. ಆ ಚಿತ್ರಗಳನ್ನು ನೋಡಿ ನಾನು ಮೆಚ್ಚಿದ್ದೇನೆ. ಮೆಚ್ಚಿದ್ದು ನಿಜವೂ ಹೌದು. ಒಬ್ಬರನ್ನು ತೋರಿಸದೆ ಅವರು ಅಲ್ಲೇ ಇದ್ದಾರೆಂದು ತಿಳಿಸುವುದು ಸುಲಭದ ವಿದ್ಯೆಯಲ್ಲ. ಅದನ್ನು ಅವರು ಏಕೆ ಕಲಿಯಬೇಕಾಯಿತು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಇನ್ನೊಂದು ಅಭ್ಯಾಸವೂ ಬೆಳೆಯಿತು. ಪ್ರತಿ ರೋಲ್‌ನ ಮೊದಲ ಚಿತ್ರ ಶಿವಾನಂದರದೇ ಬಲಗೈ — ಹೆಬ್ಬೆರಳು ಬಿಡಿಸಿ ಹಿಡಿದ ಅಂಗೈ. ಮತ್ತೆ ಎಡಬಲ ತಪ್ಪಬಾರದೆಂದು ಗುರುತಿಗೆ. ಡಿಜಿಟಲ್ ಕ್ಯಾಮರಾ ಬಂದಮೇಲೆ ಅದರ ಅಗತ್ಯವೇ ಇರಲಿಲ್ಲ. ಆದರೂ ಬಿಡಲಿಲ್ಲ.

ಎರಡು ವರ್ಷಗಳಿಂದ ಅವರು ಸಂಘದಲ್ಲಿ ಮಕ್ಕಳಿಗೆ ಫೋಟೋ ತೆಗೆಯುವುದನ್ನು ಹೇಳಿಕೊಡುತ್ತಾರೆ. ಮೊದಲ ದಿನದ ಪಾಠ ಜೋಧಪುರದ ಚಿತ್ರ: ಸರಿಯಾದದ್ದು ಒಂದು, ಪೇಪರಿನಲ್ಲಿ ಬಂದದ್ದು ಒಂದು. "ಮೊದಲ ನಿಮ್ಮ ಕೈ ನೋಡ್ಕೊಳ್ರಿ, ಆಮ್ಯಾಲ ಬ್ಯಾರೇದವರ ಕೈ," ಎನ್ನುತ್ತಾರೆ. ಈ ವರ್ಷ ಏಪ್ರಿಲ್‌ನಲ್ಲಿ ನನ್ನ ಮಗಳು ಆ ತರಗತಿಗೆ ಸೇರಿದಳು. ಮನೆಗೆ ಬಂದು ಹೇಳಿದಳು: "ಶಿವಾನಂದ್ ಅಂಕಲ್ ತಮ್ಮ ಮಿಸ್ಟೇಕನ್ನೇ ಎಲ್ಲರಿಗೂ ತೋರಿಸ್ತಾರೆ ಡ್ಯಾಡಿ. ನೀವು ಪೇಪರಲ್ಲಿ ಕರೆಕ್ಷನ್ ಹಾಕಿದ್ರಂತೆ. ಸೋ ಆನೆಸ್ಟ್, ಅಲ್ವಾ?"

ನಾನು ಹೌದು ಎಂದೆ. ಯಾರ ಬಗ್ಗೆ ಹೌದೆಂದೆ ಎಂದು ಅವಳು ಕೇಳಲಿಲ್ಲ.

ಮೇ ತಿಂಗಳಲ್ಲಿ ಸಿ.ಡಿ. ತೆಗೆದುಕೊಂಡು ಅಲ್ ಸದ್ದ್‌ನ ಅವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಶಿವಾನಂದರು ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರು. ಅವ್ವ ಬಲಕ್ಕೆ ಮುಖ ಮಾಡಿ ಪರದೆಯ ಮೇಲೆ ಬಂದರು. ಬಲಗೈ, ಕಡಗ, ರೊಟ್ಟಿ.

"ಇಷ್ಟ ವರ್ಷ ನನ್ನ ಕೈ ಫೋಟೋ ತಗದೀನ್ರಿ ಸರ," ಎಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುನಂದಾ ಹೇಳಿದರು: "ಪೇಪರಿನವರು ನೀವು ಊರ ಮಂದಿ ತಪ್ಪ ಎಲ್ಲಾ ತಿದ್ದತೀರಿ."



"ಅವ್ವಗ ನೀವ ಹೇಳ್ರಿ," ಎಂದು ಶಿವಾನಂದರು ಗದಗಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಯಾರೆಂದು ಹೇಳಿದೆ. ಚಿತ್ರ ತಿರುಗಿಸಿದ್ದು ನಾನು, ನಿಮ್ಮ ಮಗ ಅಲ್ಲ ಎಂದೆ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು.

"ಹಂಗಾರ ನಮ್ಮ ಹುಡುಗಂದು ತಪ್ಪಿಲ್ಲ?"

"ಇಲ್ಲ ಅಮ್ಮ."

"ಅಂವಗ ಹೇಳಿರೇನು?"

"ಹೇಳಿದ್ದೇನೆ. ಇಲ್ಲೇ ಇದ್ದಾರೆ."

"ಹಂಗಾರ ಫೋನ್ ಅಂವಗ ಕೊಡ್ರಿ."

ಕೊಟ್ಟೆ.

ಅಂದಿನ ಸಂಪಾದಕರು ದೇಶ ಬಿಟ್ಟು ಹೋಗಿದ್ದಾರೆ. ಈಗಿನವರಿಗೆ ಹೇಳಿದೆ, ಅಷ್ಟು ಹಳೆಯದನ್ನು ತಿದ್ದುವ ಪದ್ಧತಿ ಇಲ್ಲ ಎಂದರು. ಆದ್ದರಿಂದ, ಶಿವಾನಂದರ ಒಪ್ಪಿಗೆ ಪಡೆದು, ಇಲ್ಲಿ:

ತಿದ್ದುಪಡಿ. 2004ರ ನವೆಂಬರ್‌ನಲ್ಲಿ ಪ್ರಕಟವಾದ ಜೋಧಪುರದ ಚಿತ್ರವನ್ನು ಪುಟದ ಅನುಕೂಲಕ್ಕಾಗಿ ಉಪಸಂಪಾದಕನು ತಿರುಗಿಸಿದ್ದನು. ಛಾಯಾಗ್ರಾಹಕರು ಕೊಟ್ಟ ಪ್ರತಿಯಲ್ಲಿ ಯಾವ ದೋಷವೂ ಇರಲಿಲ್ಲ. ಚಿತ್ರದಲ್ಲಿರುವ ಮಹಿಳೆ ರೊಟ್ಟಿ ಕೊಟ್ಟದ್ದು ಬಲಗೈಯಿಂದ. ನಂತರದ ವಾರ ಪ್ರಕಟವಾದ ತಿದ್ದುಪಡಿ ಸುಳ್ಳು.

ಜುಲೈಯಲ್ಲಿ ಶಿವಾನಂದರ ಸಂಸಾರ ಊರಿಗೆ ಹೋಯಿತು. ಆಗಸ್ಟ್‌ನಲ್ಲಿ ನನಗೆ ಇಮೇಲ್‌ನಲ್ಲಿ ಒಂದು ಚಿತ್ರ ಬಂತು: ಯಾವುದೋ ರೈಲಿನ ಕಿಟಕಿ, ಸೀಟಿನ ಮೇಲೆ ಬಟ್ಟೆಯ ಚೀಲ, ಚೌಕಟ್ಟಿನ ಎಡ ಅಂಚಿನಿಂದ ಒಳಕ್ಕೆ ಚಾಚಿದ ಒಂದು ಬಲಗೈ. ಮುಖವಿಲ್ಲ. ಮಣಿಕಟ್ಟಿನಲ್ಲಿ ಬೆಳ್ಳಿ ಕಡಗ, ಬೆರಳುಗಳ ನಡುವೆ ಮುರಿದ ರೊಟ್ಟಿ. ಕೆಳಗೆ ಒಂದೇ ಸಾಲು ಇತ್ತು: "ಸರ, ಇದನ್ನ ತಿರುಗಿಸಬ್ಯಾಡ್ರಿ."